ಸ್ತನದ ಅಲ್ಟ್ರಾಸೌಂಡ್: ಚಿತ್ರ ಮಬ್ಬಾದಾಗ ಮೊದಲು ಎಲ್ಲಿಗೆ ಕೈ ಹಾಕಬೇಕು

ಪರದೆಯ ಮೇಲೆ ಆರು ಮಿಲಿಮೀಟರಿನ ಒಂದು ಕರಿ ಚುಕ್ಕೆ. ಅಂಚು ಒಂದು ಕಡೆ ನಯ, ಇನ್ನೊಂದು ಕಡೆ ಅಷ್ಟು ಖಚಿತವಿಲ್ಲ. ಒಳಗೆ ಬೂದಿ ಉದುರಿಸಿದ ಹಾಗೆ ಮಬ್ಬು. ನೀರು ತುಂಬಿದ ಸಿಸ್ಟೋ, ಗಟ್ಟಿ ಗಂಟೋ? ಸಿಸ್ಟ್ ಆದರೆ ಸ್ಕ್ಯಾನಿಗೆ ಬಂದಾಕೆ ಇವತ್ತೇ ನಿಶ್ಚಿಂತೆಯಿಂದ ಮನೆಗೆ ಹೋಗಬಹುದು. ಗಟ್ಟಿ ಗಂಟಾದರೆ ಆರು ತಿಂಗಳ ಫಾಲೋಅಪ್, ಇಲ್ಲವೇ ಬಯಾಪ್ಸಿ ಸೂಜಿ. ಹೀಗೆ ಕಾಣುವ ಬೂದಿ ಎಷ್ಟೋ ಸಲ ಗಂಟಿನದ್ದಾಗಿರುವುದಿಲ್ಲ; ಗೇನ್ (ಮರಳಿ ಬಂದ ಧ್ವನಿಯನ್ನು ಯಂತ್ರ ಹಿಗ್ಗಿಸುವ ಪ್ರಮಾಣ) ಜಾಸ್ತಿ ಇಟ್ಟದ್ದರಿಂದ, ಫೋಕಸ್ ತಪ್ಪಿದ್ದರಿಂದ, ಪ್ರೋಬ್ (ಮೈಗೆ ತಾಗಿಸುವ ಹಿಡಿ) ಸರಿಯಾಗಿ ಕೂರದ್ದರಿಂದ ಬಂದದ್ದಾಗಿರುತ್ತದೆ.

ಸ್ತನದ ಸ್ಕ್ಯಾನ್ ಮಾಡುವ ರೇಡಿಯಾಲಜಿಸ್ಟರಿಗೆ, ಕಲಿಯುತ್ತಿರುವ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಈ ಬರಹ. ಇಲ್ಲಿನ ಕ್ರಮ ಮುಖ್ಯ. ಚಿತ್ರ ಚೆನ್ನಾಗಿಲ್ಲ ಎಂದ ಕೂಡಲೇ ಹೆಚ್ಚಿನವರ ಕೈ ಹೋಗುವುದು ಗೇನ್ ಗುಂಡಿಗೆ. ಅದು ನಾಲ್ಕನೆಯದೋ ಐದನೆಯದೋ ಆಗಬೇಕಾದ ಕೆಲಸ. ಮಲಗಿಸಿದ ರೀತಿ, ಕೈಯ ಒತ್ತಡ, ಆಳ, ಫೋಕಸ್ ಇವೆಲ್ಲ ಸರಿಯಾದ ಮೇಲೆ ಗೇನ್‌ಗೆ ಉಳಿಯುವ ಕೆಲಸ ಅಷ್ಟಿಷ್ಟೇ.

ಮಲಗಿಸುವುದರಲ್ಲೇ ಅರ್ಧ ಕೆಲಸ

ಅಲ್ಟ್ರಾಸೌಂಡಿನ ಧ್ವನಿ ಅಂಗಾಂಶದೊಳಗೆ ಹೋಗುತ್ತಾ ಕ್ಷೀಣಿಸುತ್ತದೆ. ಮೃದು ಅಂಗಾಂಶಕ್ಕೆ ಸಾಮಾನ್ಯವಾಗಿ ಹಿಡಿಯುವ ಲೆಕ್ಕ ಪ್ರತಿ ಸೆಂ.ಮೀ.ಗೆ, ಪ್ರತಿ ಮೆಗಾಹರ್ಟ್ಸ್‌ಗೆ 0.5 ಡೆಸಿಬೆಲ್. 12 ಮೆಗಾಹರ್ಟ್ಸ್ ಧ್ವನಿ 3 ಸೆಂ.ಮೀ. ಆಳಕ್ಕೆ ಹೋಗಿ ಬರುವಷ್ಟರಲ್ಲಿ 36 ಡೆಸಿಬೆಲ್ ಕಳೆದುಕೊಂಡಿರುತ್ತದೆ. ಅದೇ ಸ್ತನವನ್ನು ಸರಿಯಾಗಿ ಮಲಗಿಸಿ 2 ಸೆಂ.ಮೀ. ದಪ್ಪಕ್ಕೆ ತಂದರೆ ನಷ್ಟ 24ಕ್ಕೆ ಇಳಿಯುತ್ತದೆ. ಈ 12 ಡೆಸಿಬೆಲ್ ಲಾಭಕ್ಕೆ ಖರ್ಚಾಗುವುದು ಒಂದು ದಿಂಬು.

ಹೊರ ಅರ್ಧ ನೋಡುವಾಗ ಆಕೆಯನ್ನು ಎದುರು ಬದಿಗೆ ಸ್ವಲ್ಪ ಓರೆಯಾಗಿ ತಿರುಗಿಸಿ. ಬಲ ಸ್ತನವಾದರೆ ಬಲ ಭುಜ ಮತ್ತು ಬೆನ್ನಿನ ಕೆಳಗೆ ದಿಂಬನ್ನೋ ಮಡಿಸಿದ ಬೆಡ್‌ಶೀಟನ್ನೋ ಕೊಟ್ಟು, ಬಲಗೈಯನ್ನು ತಲೆಯ ಮೇಲಕ್ಕೆ ಮಡಿಸಿ ಇರಿಸಿ. ಎಷ್ಟು ಓರೆ ಎಂಬುದಕ್ಕೆ ಡಿಗ್ರಿ ಅಳೆಯುವ ಅಗತ್ಯವಿಲ್ಲ: ನೀವು ನೋಡುತ್ತಿರುವ ಭಾಗ ಎದೆಗೂಡಿನ ಮೇಲೆ ಚಪಾತಿಯಂತೆ ಹರಡಿ, ಚರ್ಮ ಛಾವಣಿಗೆ ಮುಖಮಾಡಬೇಕು. ದೊಡ್ಡ ಸ್ತನಕ್ಕೆ ಓರೆ ಜಾಸ್ತಿ ಬೇಕು, ಚಿಕ್ಕದಕ್ಕೆ ಕಡಿಮೆ. ಒಳ ಅರ್ಧಕ್ಕೆ, ಅಂದರೆ ಎದೆಮೂಳೆಯ ಕಡೆಗೆ, ದಿಂಬು ತೆಗೆದು ನೇರ ಅಂಗಾತ ಮಲಗಿಸಿ. ಒಂದೇ ಭಂಗಿಯಲ್ಲಿ ಇಡೀ ಸ್ತನ ಮುಗಿಸುವ ಆತುರದಲ್ಲಿ ಹೊರ ಮೇಲ್ಭಾಗವೇ ಕೈತಪ್ಪುತ್ತದೆ. ಅತಿ ಹೆಚ್ಚು ಕ್ಯಾನ್ಸರ್ ಹುಟ್ಟುವ ಜಾಗವೂ ಅದೇ.

ಗಂಟು ಕೈಗೆ ಸಿಗುತ್ತದೆ ಎಂದು ಬಂದವರಿಗೆ ಒಂದು ಪ್ರಶ್ನೆ ಕಡ್ಡಾಯ: "ಒಂದೇ ಬೆರಳಿಟ್ಟು ತೋರಿಸಿ." ಅಂಗೈ ಇಟ್ಟು ತೋರಿಸಿದರೆ ಅದು ನೋವಿನ ಜಾಗ ಇರಬಹುದು, ಗಂಟಿನ ಜಾಗ ಅಲ್ಲ. ಕೂತಾಗ ಮಾತ್ರ ಸಿಗುತ್ತದೆ ಎಂದರೆ ಕೂರಿಸಿಯೇ ನೋಡಿ. ಗಂಟನ್ನು ನಿಮ್ಮ ಎಡಗೈಯ ಎರಡು ಬೆರಳ ನಡುವೆ ಹಿಡಿದುಕೊಂಡು ಆ ಸಂದಿಯಲ್ಲಿ ಪ್ರೋಬ್ ಇಟ್ಟರೆ ಅದು ಜಾರಿಕೊಳ್ಳುವುದಿಲ್ಲ.

ಮೊಲೆಯೂಡಿಸುವ ತಾಯಿ ಬಂದರೆ ಮಗುವಿಗೆ ಹಾಲು ಕೊಟ್ಟ ಮೇಲೆ ಸ್ಕ್ಯಾನ್ ಮಾಡಿ. ಹಾಲು ತುಂಬಿದ ಸ್ತನ ದಪ್ಪ, ಬಿಗಿ, ಒತ್ತಿದರೆ ನೋವು. ಚಿತ್ರಕ್ಕೆ ಈ ಮೂರೂ ಶತ್ರುಗಳು.

ಪ್ರೋಬ್, ಜೆಲ್, ಕೈಯ ತೂಕ

ಬೇಕಾದ್ದು ಲೀನಿಯರ್, ಅಂದರೆ ಚಪ್ಪಟೆ ಮುಖದ ಪ್ರೋಬ್, ಅದರ ನಡು ಆವರ್ತನ 12 ಮೆಗಾಹರ್ಟ್ಸ್ ಅಥವಾ ಹೆಚ್ಚು. ಹೊಟ್ಟೆಗೆ ಬಳಸುವ ಬಾಗಿದ ಮುಖದ ಕರ್ವಿಲೀನಿಯರ್ ಪ್ರೋಬಿನಲ್ಲಿ ಸ್ತನ ನೋಡುವುದು, ಕನ್ನಡಕ ಮರೆತು ಪತ್ರಿಕೆ ಓದಿದಂತೆ: 5 ಮೆಗಾಹರ್ಟ್ಸ್‌ನಲ್ಲಿ ತರಂಗದ ಉದ್ದ ಸುಮಾರು 0.3 ಮಿ.ಮೀ., 15ರಲ್ಲಿ 0.1 ಮಿ.ಮೀ. ಗಂಟಿನ ಅಂಚು ಮುಳ್ಳುಮುಳ್ಳಾಗಿದೆಯೇ, ನಯವಾಗಿದೆಯೇ ಎಂಬುದು ಈ ವ್ಯತ್ಯಾಸದಲ್ಲೇ ಅಡಗಿದೆ. ಕರ್ವಿಲೀನಿಯರ್‌ಗೆ ಒಂದೇ ಕೆಲಸ ಉಂಟು. ಗಂಟು 7–8 ಸೆಂ.ಮೀ. ಇದ್ದು ಲೀನಿಯರ್‌ನ ಅಗಲಕ್ಕೆ ಹಿಡಿಯದಿದ್ದರೆ ಪೂರ್ತಿ ಅಳತೆಗೆ ಅದನ್ನು ತೆಗೆದುಕೊಳ್ಳಿ, ಅಂಚು ನೋಡಲು ಮತ್ತೆ ಲೀನಿಯರ್‌ಗೆ ಬನ್ನಿ.

ಯಂತ್ರದಲ್ಲಿ "ಬ್ರೆಸ್ಟ್" ಪ್ರೀಸೆಟ್, ಅಂದರೆ ಸ್ತನಕ್ಕೆಂದು ಮೊದಲೇ ಹೊಂದಿಸಿಟ್ಟ ಸೆಟ್ಟಿಂಗ್ ಇರುತ್ತದೆ. ಥೈರಾಯ್ಡ್ ನೋಡಿ ಅದೇ ಪ್ರೀಸೆಟ್‌ನಲ್ಲಿ ಮುಂದುವರಿಯುವುದು ಬಿಡುವಿಲ್ಲದ ಒಪಿಡಿಯ ಮಾಮೂಲು ತಪ್ಪು. ಬ್ರೆಸ್ಟ್ ಪ್ರೀಸೆಟ್‌ನಲ್ಲಿ ಗ್ರೇ ಮ್ಯಾಪ್ (ಯಾವ ಪ್ರತಿಧ್ವನಿಗೆ ಯಾವ ಬೂದುಬಣ್ಣ ಎಂಬ ಹಂಚಿಕೆ), ಡೈನಾಮಿಕ್ ರೇಂಜ್ (ಪರದೆಯಲ್ಲಿ ತೋರಿಸುವ ದುರ್ಬಲ–ಪ್ರಬಲ ಪ್ರತಿಧ್ವನಿಗಳ ವ್ಯಾಪ್ತಿ) ಬೇರೆ. ಕೆಲವು ಯಂತ್ರಗಳಲ್ಲಿ ಧ್ವನಿವೇಗದ ತಿದ್ದುಪಡಿಯೂ ಬೇರೆ. ಯಂತ್ರ ಎಲ್ಲ ಅಂಗಾಂಶದಲ್ಲೂ ಧ್ವನಿ ಸೆಕೆಂಡಿಗೆ 1540 ಮೀಟರ್ ಓಡುತ್ತದೆ ಎಂದು ನಂಬಿ ಚಿತ್ರ ಕಟ್ಟುತ್ತದೆ. ಕೊಬ್ಬಿನಲ್ಲಿ ಅದು ಓಡುವುದು ಸುಮಾರು 1450. ಕೊಬ್ಬು ಹೆಚ್ಚಿರುವ ಸ್ತನದಲ್ಲಿ ಈ ತಪ್ಪು ಎಣಿಕೆಯಿಂದ ಫೋಕಸ್ ಚದುರುತ್ತದೆ, ಸಣ್ಣ ಬಿಂದು ಅಡ್ಡಕ್ಕೆ ಎಳೆದ ಗೆರೆಯಾಗುತ್ತದೆ. ಧ್ವನಿವೇಗ ಬದಲಿಸುವ ಸೌಲಭ್ಯವಿದ್ದರೆ ಅಂಥವರಲ್ಲಿ ಇಳಿಸಿ ನೋಡಿ. ಕೂಪರ್ ಲಿಗಮೆಂಟಿನ, ಅಂದರೆ ಸ್ತನವನ್ನು ಎತ್ತಿಹಿಡಿಯುವ ನಾರುಪಟ್ಟಿಗಳ, ಬಿಳಿ ಗೆರೆಗಳು ಚೂಪಾಗುವುದು ಕಣ್ಣಿಗೇ ಕಾಣುತ್ತದೆ.

ಜೆಲ್ ಬಗ್ಗೆ ಎರಡು ಮಾತು. ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಿಡಿ. ಮುಗಿಯುತ್ತಾ ಬಂದ ಬಾಟಲಿಯನ್ನು ಕುಲುಕಿ ಕುಲುಕಿ ಹಿಂಡಿದರೆ ಗಾಳಿಗುಳ್ಳೆ ಸೇರುತ್ತದೆ, ಒಂದೊಂದು ಗುಳ್ಳೆಯ ಕೆಳಗೂ ಒಂದೊಂದು ನೆರಳು. ಎರಡನೆಯದು ಬಿಸಿ: ಎಸಿ ಕೋಣೆಯಲ್ಲಿ ತಣ್ಣನೆಯ ಜೆಲ್ ಬಿದ್ದರೆ ತೊಟ್ಟು, ಅದರ ಸುತ್ತಲಿನ ಕಪ್ಪು ಚರ್ಮ ಮುದುಡಿ ಸುಕ್ಕಾಗುತ್ತದೆ. ಆ ಸುಕ್ಕಿನ ಸಂದಿಗಳಲ್ಲಿ ಗಾಳಿ ನಿಲ್ಲುತ್ತದೆ. ಜೆಲ್ಲನ್ನು ಉಗುರುಬೆಚ್ಚಗೆ ಇಟ್ಟುಕೊಳ್ಳಿ. ಪೌಡರ್ ಹಾಕಿಕೊಂಡು ಬಂದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿಯೇ ಶುರುಮಾಡಿ.

ಒತ್ತಡ ಎಷ್ಟಿರಬೇಕು? ಪ್ರೋಬಿನ ಎರಡು ತುದಿಯೂ ಚರ್ಮಕ್ಕೆ ಅಂಟಿ, ಒಳಗಿನ ಪದರಗಳು ಪ್ರೋಬಿಗೆ ಸಮಾನಾಂತರವಾಗುವಷ್ಟು. ಕೂಪರ್ ಲಿಗಮೆಂಟುಗಳು ಕಡಿದಾಗಿ ನಿಂತಾಗ ಧ್ವನಿಯನ್ನು ಅಡ್ಡಕ್ಕೆ ತಿರುಗಿಸಿ ಕೆಳಗೆ ನೆರಳು ಚೆಲ್ಲುತ್ತವೆ. ಹಗುರವಾಗಿ ಅದುಮಿದರೆ ಅವು ಮಲಗುತ್ತವೆ, ನೆರಳು ಕರಗುತ್ತದೆ. ಒತ್ತಿದರೂ, ಕೋನ ಬದಲಿಸಿದರೂ ಹೋಗದ ನೆರಳು ಕಂಡರೆ ಅಲ್ಲೇ ನಿಲ್ಲಿ. ಅದನ್ನು ಲಿಗಮೆಂಟಿನ ತಲೆಗೆ ಕಟ್ಟಬೇಡಿ. ಇನ್ನೊಂದು ಕಡೆ, ಚರ್ಮದ ಕೆಳಗೇ ಇರುವ ಸಣ್ಣ ಗಂಟಿಗೆ, ರಕ್ತದ ಹರಿವು ತೋರಿಸುವ ಡಾಪ್ಲರ್‌ಗೆ, ಗಡಸುತನ ಅಳೆಯುವ ಎಲಾಸ್ಟೋಗ್ರಫಿಗೆ ಒತ್ತಡ ವಿಷ. ಅಲ್ಲಿ ಜೆಲ್ ಮೇಲೆ ಪ್ರೋಬನ್ನು ತೇಲಿಸಬೇಕು.

ಆಳ, ಫೋಕಸ್, ಆಮೇಲೆ ಗೇನ್

ಮೊದಲು ಆಳ. ಚಿತ್ರದ ತಳದಲ್ಲಿ ಪೆಕ್ಟೊರಾಲಿಸ್ ಸ್ನಾಯು, ಅದರ ಹಿಂದೆ ಎದೆಗೋಡೆಯ ಒಂದು ಎಳೆ ಕಾಣಬೇಕು, ಅಷ್ಟೇ. ಪಕ್ಕೆಲುಬು, ಪುಪ್ಪುಸದ ಹೊಳೆಯುವ ಗೆರೆ, ಅದರ ಕೆಳಗಿನ ಪ್ರತಿಧ್ವನಿಗಳು ಅರ್ಧ ಪರದೆ ತಿಂದಿದ್ದರೆ ಡೆಪ್ತ್ ಜಾಸ್ತಿಯಾಗಿದೆ. ಸರಿಯಾಗಿ ಮಲಗಿದ ಸಾಧಾರಣ ಗಾತ್ರದ ಸ್ತನಕ್ಕೆ 3–4 ಸೆಂ.ಮೀ. ಸಾಕಾಗುತ್ತದೆ. ಧ್ವನಿ ಒಂದು ಸೆಂ.ಮೀ. ಹೋಗಿ ಬರಲು 13 ಮೈಕ್ರೊಸೆಕೆಂಡ್ ಬೇಕು. ಆದ್ದರಿಂದ ಆಳ ಇಮ್ಮಡಿಸಿದರೆ ಪ್ರತಿ ಗೆರೆಗೂ ಇಮ್ಮಡಿ ಕಾಯಬೇಕು, ಫ್ರೇಮ್ ರೇಟ್ (ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ) ಅರ್ಧಕ್ಕೆ ಬೀಳುತ್ತದೆ. ಹಾಗಂತ ಸ್ನಾಯುವನ್ನೇ ಕತ್ತರಿಸಿಬಿಡಬೇಡಿ. ಹಿಂಭಾಗದ ಅಂಗಾಂಶ ಪೂರ್ತಿ ನೋಡಿದ್ದೇವೆ ಎಂಬುದಕ್ಕೆ ಚಿತ್ರದಲ್ಲಿರುವ ಏಕೈಕ ಸಾಕ್ಷಿ ಆ ಸ್ನಾಯು.

ಫೋಕಸ್ ಗುರುತನ್ನು ಹುಡುಕಾಟದ ಹೊತ್ತಿಗೆ ಸ್ತನದ ಮೇಲಿನ ಮತ್ತು ನಡುವಿನ ಮೂರನೇ ಒಂದು ಭಾಗಗಳು ಕೂಡುವಲ್ಲಿ ಇಡಿ. ಗಂಟು ಸಿಕ್ಕಿತೋ, ಗುರುತನ್ನು ಗಂಟಿನ ನಡುವಿಗೆ ಅಥವಾ ಒಂದು ಕೂದಲೆಳೆ ಕೆಳಕ್ಕೆ ತನ್ನಿ. ಗಂಟು ಸಿಕ್ಕ ಮೇಲೂ ಫೋಕಸ್ ಹಳೆಯ ಜಾಗದಲ್ಲೇ ಉಳಿದಿರುವ ಚಿತ್ರಗಳು ಕಡತಗಳಲ್ಲಿ ಬೇಕಾದಷ್ಟಿವೆ. ಎರಡು ಮೂರು ಫೋಕಸ್ ಬಿಂದು ಇಟ್ಟರೆ ಚಿತ್ರ ಉದ್ದಕ್ಕೂ ಚೂಪಾಗುತ್ತದೆ, ಬೆಲೆ ತೆರುವುದು ಫ್ರೇಮ್ ರೇಟ್. ಮೂರು ಇಟ್ಟರೆ ಹೆಚ್ಚುಕಡಿಮೆ ಮೂರನೇ ಒಂದಕ್ಕೆ ಇಳಿಯುತ್ತದೆ. ನಿಂತು ನೋಡುವಾಗ ಸರಿ, ಕೈ ಓಡಿಸುತ್ತಾ ಹುಡುಕುವಾಗ ಬೇಡ. ಹೊಸ ಯಂತ್ರಗಳಲ್ಲಿ ಗುರುತೇ ಇರುವುದಿಲ್ಲ, ಎಲ್ಲ ಆಳದಲ್ಲೂ ಅದೇ ಫೋಕಸ್ ಮಾಡಿಕೊಳ್ಳುತ್ತದೆ.

ಇನ್ನು ಗೇನ್. ಎಷ್ಟಿಡಬೇಕು ಎಂಬುದಕ್ಕೆ ಸ್ತನದೊಳಗೇ ಒಂದು ಅಳತೆಗೋಲಿದೆ: ಚರ್ಮದ ಕೆಳಗಿನ ಕೊಬ್ಬು. ಅದು ನಡು ಬೂದುಬಣ್ಣದಲ್ಲಿರಬೇಕು. ಕಪ್ಪಲ್ಲ, ಬಿಳಿಯಲ್ಲ, ಒಲೆಯಡಿಯ ಬೂದಿಯ ಬಣ್ಣ. ಗ್ರಂಥಿಯ ಅಂಗಾಂಶ ಅದಕ್ಕಿಂತ ಬಿಳಿ, ಸಿಸ್ಟ್ ಅದಕ್ಕಿಂತ ಕಪ್ಪು. ಬೈರಾಡ್ಸ್ (ಸ್ತನದ ಚಿತ್ರಗಳ ವರದಿಗೆ ಬಳಸುವ ಪ್ರಮಾಣಿತ ಪದ್ಧತಿ) ವರದಿಯಲ್ಲಿ ನಾವು "ಹೈಪೋಎಕೋಯಿಕ್" (ಹೆಚ್ಚು ಕಪ್ಪು), "ಐಸೋಎಕೋಯಿಕ್" (ಸಮ ಬೂದು) ಎಂದು ಬರೆಯುವಾಗ ಹೋಲಿಸುವುದೂ ಈ ಕೊಬ್ಬಿನೊಂದಿಗೇ. ಕೊಬ್ಬೇ ಕರಿ ಬಿದ್ದಿದ್ದರೆ ಗೇನ್ ಕಡಿಮೆ, ಮತ್ತು ಗಟ್ಟಿ ಗಂಟೊಂದು ಸಿಸ್ಟ್‌ನಂತೆ ಕರ್ರಗೆ ಕಾಣುವ ಅಪಾಯವಿದೆ. ಕೊಬ್ಬು ಬೆಳ್ಳಗಾಗಿದ್ದರೆ ಗೇನ್ ಜಾಸ್ತಿ, ಸಿಸ್ಟ್‌ನೊಳಗೆ ಕಸ ತುಂಬಿಕೊಳ್ಳುತ್ತದೆ. ಮೊದಲನೆಯ ತಪ್ಪು ಹೆಚ್ಚು ಕೆಡುಕಿನದ್ದು. ಬೇಡದ ಬಯಾಪ್ಸಿ ಆಕೆಗೆ ಒಂದು ವಾರದ ಆತಂಕ. ಸಿಸ್ಟ್ ಎಂದು ಕಳಿಸಿದ ಕ್ಯಾನ್ಸರ್ ಹಾಗಲ್ಲ.

ಒಟ್ಟು ಗೇನ್ ಕೂಡಿದ ಮೇಲೆ ಟಿಜಿಸಿ ಪಟ್ಟಿಗಳು, ಅಂದರೆ ಒಂದೊಂದು ಆಳಕ್ಕೂ ಗೇನ್ ಬೇರೆಯಾಗಿ ತಿದ್ದುವ ಜಾರುಗುಂಡಿಗಳು. ಚರ್ಮದಡಿಯ ಕೊಬ್ಬು ಮತ್ತು ಸ್ನಾಯುವಿನ ಮುಂದಿನ ಕೊಬ್ಬು ಎರಡೂ ಒಂದೇ ಬೂದುಬಣ್ಣಕ್ಕೆ ಬರುವವರೆಗೆ ಸರಿಸಿ. ಒಂದೇ ಪಟ್ಟಿಯನ್ನು ಅಕ್ಕಪಕ್ಕದವಕ್ಕಿಂತ ಬಹಳ ಎಳೆದರೆ ಚಿತ್ರದ ನಡುವೆ ಅಡ್ಡ ಬಿಳಿ ಪಟ್ಟೆ ಬೀಳುತ್ತದೆ, ನೋಡುವವರು ಅದನ್ನು ಗ್ರಂಥಿ ಅಂಗಾಂಶ ಎಂದುಕೊಳ್ಳುತ್ತಾರೆ. ಆಳದಲ್ಲಿ ಎಷ್ಟು ಏರಿಸಿದರೂ ಮಳೆಹನಿಯಂಥ ಕಾಳುಕಾಳು ಮಾತ್ರ ಬರುತ್ತಿದ್ದರೆ ನೀವು ಏರಿಸುತ್ತಿರುವುದು ಗದ್ದಲವನ್ನು, ಸಂಕೇತವನ್ನಲ್ಲ. ಆಗ ಗೇನ್ ಬಿಟ್ಟು ಆವರ್ತನವನ್ನು ಒಂದು ಮೆಟ್ಟಿಲು ಇಳಿಸಿ. ಆಗಲೂ ಸಾಲದಿದ್ದರೆ ಅಕೌಸ್ಟಿಕ್ ಪವರ್ ಏರಿಸಿ; ಪರದೆಯ ಮೂಲೆಯ ಎಂಐ (ಯಾಂತ್ರಿಕ ಪರಿಣಾಮದ ಸೂಚಿ), ಟಿಐ (ಬಿಸಿಯ ಸೂಚಿ) ಅಂಕಿಗಳ ಮೇಲೆ ಕಣ್ಣಿರಲಿ.

ಡೈನಾಮಿಕ್ ರೇಂಜ್ 60–70 ಡೆಸಿಬೆಲ್ ಸುತ್ತ ಇದ್ದರೆ ಹೆಚ್ಚಿನ ಯಂತ್ರಗಳಲ್ಲಿ ಕೊಬ್ಬಿಗೂ ಐಸೋಎಕೋಯಿಕ್ ಗಂಟಿಗೂ ಇರುವ ತೆಳು ವ್ಯತ್ಯಾಸ ಉಳಿಯುತ್ತದೆ. ಚಿತ್ರ "ಕಾಂಟ್ರಾಸ್ಟಿ"ಯಾಗಿ ಚಂದ ಕಾಣಲಿ ಎಂದು 45–50ಕ್ಕೆ ಇಳಿಸುವವರಿದ್ದಾರೆ. ಚಂದವೇನೋ ಹೌದು. ಆದರೆ ಬೂದಿಯ ನಡುಮೆಟ್ಟಿಲುಗಳೆಲ್ಲ ಕಳಚಿ, ತುಸು ಕಪ್ಪಗಿರುವುದೆಲ್ಲ ಪೂರ್ತಿ ಕಪ್ಪಾಗಿಬಿಡುತ್ತದೆ.

ಕಾಂಪೌಂಡ್ ಮತ್ತು ಹಾರ್ಮೋನಿಕ್

ಕಾಂಪೌಂಡ್ ಇಮೇಜಿಂಗ್‌ನಲ್ಲಿ ಯಂತ್ರ ಧ್ವನಿಯನ್ನು ಹಲವು ಕೋನಗಳಿಂದ ಕಳಿಸಿ, ಬಂದ ಚಿತ್ರಗಳನ್ನು ಸೇರಿಸುತ್ತದೆ. ಕಾಳುಕಾಳು ಕಡಿಮೆಯಾಗುತ್ತದೆ, ಗಂಟಿನ ಪಕ್ಕದ ಅಂಚುಗಳು ತುಂಬಿಕೊಳ್ಳುತ್ತವೆ. ಅಂಚು ನೋಡಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಆದರೆ ನೆರಳು ಹುಟ್ಟುವುದು ಒಂದೇ ದಿಕ್ಕಿನ ಬೆಳಕಿನಿಂದ. ಹಲವು ದಿಕ್ಕಿನಿಂದ ಬೆಳಕು ಬಿದ್ದರೆ ನೆರಳು ಮಾಸುತ್ತದೆ. ಮದುವೆಮನೆಯ ಚಪ್ಪರದಲ್ಲಿ ಎಲ್ಲ ಕಡೆಯಿಂದ ದೀಪ ಇಟ್ಟಾಗ ಆಗುವುದು ಅದೇ. ಗಂಟಿನ ಹಿಂದಿನ ನೆರಳು, ಸಿಸ್ಟ್‌ನ ಹಿಂದಿನ ಹೊಳಪು ಎರಡೂ ರೋಗನಿರ್ಣಯದ ಮುಖ್ಯ ಸುಳಿವುಗಳು. ಕಾಂಪೌಂಡ್ ಎರಡನ್ನೂ ತೆಳುವಾಗಿಸುತ್ತದೆ. ಆದ್ದರಿಂದ ಗಂಟು ಸಿಕ್ಕಾಗ ಕಾಂಪೌಂಡ್ ಹಾಕಿ ಒಂದು ಚಿತ್ರ, ತೆಗೆದು ಒಂದು ಚಿತ್ರ. ಎರಡು ಸೆಕೆಂಡಿನ ಕೆಲಸ, ಇದನ್ನು ರೂಢಿಮಾಡಿಕೊಂಡವರು ಕಡಿಮೆ.

ಹಾರ್ಮೋನಿಕ್ ಬೇರೆ ಜಾತಿಯದು. ಕಳಿಸಿದ ಆವರ್ತನವನ್ನು ಬಿಟ್ಟು, ಅಂಗಾಂಶದಲ್ಲಿ ಸಾಗುತ್ತಾ ಹುಟ್ಟಿದ ಇಮ್ಮಡಿ ಆವರ್ತನವನ್ನು ಮಾತ್ರ ಯಂತ್ರ ಕೇಳಿಸಿಕೊಳ್ಳುತ್ತದೆ. ಚರ್ಮದ ಹತ್ತಿರ ಹಾರ್ಮೋನಿಕ್ ಇನ್ನೂ ಹುಟ್ಟಿರುವುದಿಲ್ಲವಾದ್ದರಿಂದ ಅಲ್ಲಿಂದ ಬರುವ ಪ್ರತಿಧ್ವನಿಯ ಗಲಾಟೆ, ಸೈಡ್ ಲೋಬ್ (ಮುಖ್ಯ ಕಿರಣದ ಪಕ್ಕಕ್ಕೆ ಸೋರುವ ಧ್ವನಿ) ಕಸ ಬಹಳ ಮಟ್ಟಿಗೆ ಶೋಧಿಸಿಹೋಗುತ್ತದೆ. ಸಿಸ್ಟ್ ತಿಳಿಯಾಗುತ್ತದೆ. ಕೊಬ್ಬಿನ ನಡುವೆ ಅಡಗಿದ ಗಂಟು ಎದ್ದು ಕಾಣುತ್ತದೆ. ಕೊರತೆ ಆಳದ್ದು: 3 ಸೆಂ.ಮೀ. ದಾಟಿದ ಮೇಲೆ ಚಿತ್ರ ಕಪ್ಪಾಗತೊಡಗಿದರೆ ಹಾರ್ಮೋನಿಕ್ ತೆಗೆದುಬಿಡಿ.

ಆ ಆರು ಮಿಲಿಮೀಟರ್ ಚುಕ್ಕೆಗೆ ಮರಳೋಣ

ಬೂದಿ ಚೆಲ್ಲಿದಂತಿದ್ದ ಆ ಚುಕ್ಕೆ 2 ಸೆಂ.ಮೀ. ಆಳದಲ್ಲಿದೆ ಎಂದಿಟ್ಟುಕೊಳ್ಳಿ. ಈ ಕ್ರಮದಲ್ಲಿ ಹೋಗಿ, ಮೊದಲ ಮೂರು ಹೆಜ್ಜೆಗಳಲ್ಲಿ ಪ್ರೋಬ್ ಕದಲಿಸಬೇಡಿ.

1. ಫೋಕಸ್ ಗುರುತನ್ನು 2 ಸೆಂ.ಮೀ.ಗೆ ತನ್ನಿ. ಡೆಪ್ತ್ 4ರಿಂದ 3ಕ್ಕೆ ಇಳಿಸಿ.

2. ಪಕ್ಕದ ಕೊಬ್ಬು ನೋಡಿ. ಬೆಳ್ಳಗಿದ್ದರೆ ಅದು ನಡು ಬೂದಿಗೆ ಬರುವವರೆಗೆ ಗೇನ್ ಇಳಿಸಿ. ಚುಕ್ಕೆಯನ್ನು ನೋಡಿಕೊಂಡು ಗೇನ್ ಇಳಿಸಬೇಡಿ, ಹಾಗೆ ಮಾಡಿದರೆ ಯಾವ ಗಂಟನ್ನಾದರೂ ಸಿಸ್ಟ್ ಮಾಡಬಹುದು. ಕಣ್ಣು ಕೊಬ್ಬಿನ ಮೇಲಿರಲಿ.

3. ಹಾರ್ಮೋನಿಕ್ ಹಾಕಿ. ಚುಕ್ಕೆಯ ಮೇಲ್ಭಾಗದಲ್ಲಿ ಮಾತ್ರ ಇದ್ದ ಅಡ್ಡಗೆರೆಯ ಬೂದಿ ಮಾಯವಾದರೆ ಅದು ರಿವರ್ಬರೇಷನ್, ಧ್ವನಿ ಪದರಗಳ ನಡುವೆ ಪುಟಿದು ಹುಟ್ಟಿದ ಸುಳ್ಳು ಗೆರೆ.

4. ಈಗ ಚುಕ್ಕೆಯನ್ನು ಚಿತ್ರದ ಸರಿ ನಡುವಿಗೆ ತಂದು, ಪ್ರೋಬನ್ನು ಮಿಲಿಮೀಟರ್ ಲೆಕ್ಕದಲ್ಲಿ ಹಿಂದೆ ಮುಂದೆ ಓಲಾಡಿಸಿ. ಬಹಳ ಜನ ಬಿಡುವ ಹೆಜ್ಜೆ ಇದು. ಪ್ರೋಬಿನಿಂದ ಹೊರಡುವ ಧ್ವನಿಯ ಹಾಳೆಗೆ ದಪ್ಪವಿದೆ. ಸಾಮಾನ್ಯ ಲೀನಿಯರ್ ಪ್ರೋಬಿನಲ್ಲಿ ಆ ದಪ್ಪ ಯಾವುದೋ ಒಂದೇ ಆಳದಲ್ಲಿ, ಹೆಚ್ಚಾಗಿ ಒಂದೂವರೆ ಎರಡು ಸೆಂ.ಮೀ. ಹತ್ತಿರ, ಅತಿ ತೆಳು. ಅದರ ಮೇಲೂ ಕೆಳಗೂ ದಪ್ಪ. ಈ ದಿಕ್ಕಿನ ಫೋಕಸ್ ಲೆನ್ಸ್‌ನಲ್ಲೇ ಕೂರಿಸಿದ್ದು, ಪರದೆಯ ಫೋಕಸ್ ಗುಂಡಿಯಿಂದ ಬದಲಾಗದು. ಚುಕ್ಕೆ ಚಿಕ್ಕದಾಗಿದ್ದು ಹಾಳೆ ಅದರ ಅಂಚಿನ ಮೇಲೆ ಹಾದರೆ ಪಕ್ಕದ ಅಂಗಾಂಶವೂ ಚುಕ್ಕೆಯೊಳಗೆ ಬಿದ್ದಂತೆ ಕಾಣುತ್ತದೆ. ಹಾಳೆ ನಟ್ಟನಡುವೆ ಹಾದಾಗ ಮಾತ್ರ ನಿಜವಾದ ಕಪ್ಪು ಸಿಗುತ್ತದೆ.

5. 90 ಡಿಗ್ರಿ ತಿರುಗಿಸಿ, ಮತ್ತೆ ನಡುಭಾಗ ಹುಡುಕಿ.

6. ಕಾಂಪೌಂಡ್ ತೆಗೆದು ಹಿಂಬದಿ ಹೊಳಪು ಇದೆಯೇ ನೋಡಿ. 4–5 ಮಿ.ಮೀ.ಗಿಂತ ಚಿಕ್ಕ ಸಿಸ್ಟ್‌ನಲ್ಲಿ ಹೊಳಪು ಇಲ್ಲದಿದ್ದರೂ ಅಚ್ಚರಿಯಿಲ್ಲ.

ಇಷ್ಟಾದ ಮೇಲೂ ಬೂದಿ ಉಳಿದಿದ್ದರೆ ಅದು ಚುಕ್ಕೆಯೊಳಗಿನದ್ದೇ. ಆಮೇಲೆ ಪವರ್ ಡಾಪ್ಲರ್. ಬೂದಿಯೊಳಗೆ ರಕ್ತನಾಳ ಕಂಡರೆ ಅದು ಸಿಸ್ಟ್‌ನ ಕೆಸರಲ್ಲ, ಅಂಗಾಂಶ. ರಕ್ತನಾಳ ಕಾಣದಿದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಗಂಟಿನ ವೇಷ ಹಾಕಿದ ಕೊಬ್ಬು

ಗ್ರಂಥಿಯ ಬಿಳಿ ಅಂಗಾಂಶದ ನಡುವೆ ಸಿಕ್ಕಿಕೊಂಡ ಕೊಬ್ಬಿನ ಉಂಡೆ ಫೈಬ್ರೋಅಡಿನೋಮಾದ (ಕ್ಯಾನ್ಸರ್ ಅಲ್ಲದ ಗಟ್ಟಿ ಗಂಟು) ಅವಳಿ. ದುಂಡಗೆ, ತುಸು ಕಪ್ಪಗೆ, ಅಂಚು ನಯ. ಇಲ್ಲಿ ಗುಂಡಿಗಳಿಗಿಂತ ಕೈಗೇ ಕೆಲಸ. ಅದರ ಮೇಲೆ ಪ್ರೋಬ್ ಇಟ್ಟು ನಿಧಾನವಾಗಿ 90 ಡಿಗ್ರಿ ತಿರುಗಿಸಿ. ಕೊಬ್ಬಾದರೆ ಉಂಡೆ ಉದ್ದವಾಗುತ್ತಾ ಹೋಗಿ, ಒಂದು ಬದಿಯಲ್ಲಿ ಪಕ್ಕದ ಕೊಬ್ಬಿನೊಂದಿಗೆ ಕೂಡಿಬಿಡುತ್ತದೆ, ಕೊಲ್ಲಿಯೊಂದು ಕಡಲಿಗೆ ಸೇರಿದ ಹಾಗೆ. ಫೈಬ್ರೋಅಡಿನೋಮಾಕ್ಕೆ ಎರಡೂ ದಿಕ್ಕಿನಲ್ಲಿ ಅಂಚು ಮುಚ್ಚಿರುತ್ತದೆ. ಅನಂತರ ಒತ್ತಿ ನೋಡಿ: ಕೊಬ್ಬು ಚಪ್ಪಟೆಯಾಗುತ್ತದೆ, ಫೈಬ್ರೋಅಡಿನೋಮಾ ಅಷ್ಟಾಗಿ ಬಗ್ಗುವುದಿಲ್ಲ, ಪಕ್ಕಕ್ಕೆ ಜಾರುವುದೂ ಉಂಟು.

ಸಂಶಯ ಉಳಿದರೆ ಫ್ರೆಮಿಟಸ್, ಅಂದರೆ ದನಿಯ ಕಂಪನದ ಪರೀಕ್ಷೆ ಮಾಡಿ. ಪವರ್ ಡಾಪ್ಲರ್ ಹಾಕಿ, ಪರದೆಯಲ್ಲಿ ಬಣ್ಣ ಇಲ್ಲದಂತೆ ಗೇನ್ ಇಳಿಸಿ, ಆಕೆಗೆ "ಓಂಕಾರ ಹೇಳುವಾಗಿನ ಮ್‌ಮ್‌ಮ್ ಅಷ್ಟೇ ಎಳೆಯಿರಿ" ಎನ್ನಿ. ದನಿಯ ಕಂಪನ ಎದೆಗೋಡೆಯಿಂದ ಸ್ತನಕ್ಕೆ ಹರಿದು ಸಹಜ ಅಂಗಾಂಶವೆಲ್ಲ ಬಣ್ಣದಿಂದ ತುಂಬುತ್ತದೆ. ಕೊಬ್ಬಿನ ಉಂಡೆಯೂ ಬಣ್ಣ ಪಡೆಯುತ್ತದೆ. ಗಂಟಾದರೆ ಸಾಮಾನ್ಯವಾಗಿ ಬಣ್ಣವಿಲ್ಲದ ರಂಧ್ರವಾಗಿ ಉಳಿಯುತ್ತದೆ. ಪ್ರೋಬ್ ಹಗುರವಾಗಿ ಹಿಡಿಯಿರಿ, ಒತ್ತಿದರೆ ಕಂಪನ ಸಾಯುತ್ತದೆ.

ತೊಟ್ಟಿನ ಹಿಂದಿನ ಕತ್ತಲೆ

ತೊಟ್ಟಿನ ಮೇಲೆ ನೇರ ಪ್ರೋಬ್ ಇಟ್ಟರೆ ಕೆಳಗೆ ಕಪ್ಪು ಕಂಬ. ಕಾರಣ ಎರಡು, ಸುಕ್ಕಿನ ಸಂದಿಯ ಗಾಳಿ ಮತ್ತು ತೊಟ್ಟಿನ ನಾರು ಅಂಗಾಂಶ. ಧಾರಾಳವಾಗಿ ಜೆಲ್ ಹಾಕಿ, ಪ್ರೋಬನ್ನು ತೊಟ್ಟಿನ ಪಕ್ಕದಲ್ಲಿ ಇಟ್ಟು ಅದರ ಅಡಿಗೆ ನೋಡುವಂತೆ ವಾಲಿಸಿ. ಇನ್ನೊಂದು ಕೈಯಿಂದ ಎದುರು ಬದಿಯ ಸ್ತನವನ್ನು ಪ್ರೋಬಿನ ಕಡೆಗೆ ಒತ್ತಿಕೊಟ್ಟರೆ ನಾಳಗಳು ಪ್ರೋಬಿಗೆ ಸಮಾನಾಂತರವಾಗಿ ಮಲಗುತ್ತವೆ. ತೊಟ್ಟಿನೊಳಕ್ಕೇ ಹೋಗುವ ನಾಳ ನೋಡಬೇಕಾದರೆ, ತೊಟ್ಟಿನ ಒಂದು ಬದಿಗೆ ತೋರುಬೆರಳು ಕೊಟ್ಟು, ಮತ್ತೊಂದು ಬದಿಯಿಂದ ಪ್ರೋಬಿನಿಂದ ಅದನ್ನು ಬೆರಳ ಮೇಲೆ ಹೊರಳಿಸಿ. ತೊಟ್ಟಿನಿಂದ ಸ್ರಾವದ ದೂರು ಹೊತ್ತು ಬಂದವರಲ್ಲಿ ಈ ಹೆಜ್ಜೆ ಬಿಡುವಂತಿಲ್ಲ, ಏಕೆಂದರೆ ನಾಳದೊಳಗಿನ ಪ್ಯಾಪಿಲೋಮಾ (ಸಣ್ಣ ಬೆಳವಣಿಗೆ) ಕೂತಿರುವುದು ಬಹುಪಾಲು ಅಲ್ಲೇ ಸುತ್ತಮುತ್ತ. ಮೊದಲೇ ಹೇಳಿ, ಒಪ್ಪಿಗೆ ಪಡೆದು ಮಾಡಿ. ಕೋಣೆಯಲ್ಲಿ ಮಹಿಳಾ ಸಿಬ್ಬಂದಿ ಇರಲಿ.

ಚರ್ಮದಲ್ಲೇ ಇರುವ ಗಂಟಿಗೆ ಅರ್ಧ ಸೆಂ.ಮೀ. ದಪ್ಪದ ಜೆಲ್ ದಿಬ್ಬ ಅಥವಾ ಸ್ಟ್ಯಾಂಡ್‌ಆಫ್ ಪ್ಯಾಡ್ (ಪ್ರೋಬನ್ನು ಚರ್ಮದಿಂದ ತುಸು ಮೇಲಿಡುವ ಮೆತ್ತೆ) ಇಡಿ. ಪ್ಯಾಡ್ ಒಂದು ಸೆಂ.ಮೀ. ಮೀರಿದರೆ ಅನುಕೂಲಕ್ಕಿಂತ ಅನನುಕೂಲವೇ ಹೆಚ್ಚು, ಹಾಳೆಯ ತೆಳುಭಾಗ ಪ್ಯಾಡಿನಲ್ಲೇ ಮುಗಿದುಹೋಗುತ್ತದೆ.

ಡಾಪ್ಲರ್

ಸ್ತನದ ಗಂಟಿನ ರಕ್ತನಾಳಗಳು ಸಣ್ಣವು, ಹರಿವು ನಿಧಾನ. ಸ್ಕೇಲನ್ನು (ತೋರಿಸುವ ಹರಿವಿನ ವೇಗದ ಮಿತಿ) ಸೆಕೆಂಡಿಗೆ 5 ಸೆಂ.ಮೀ. ಆಸುಪಾಸಿಗೆ ಇಳಿಸಿ, ವಾಲ್ ಫಿಲ್ಟರ್ (ನಿಧಾನ ಚಲನೆಯನ್ನು ಸೋಸಿ ತೆಗೆಯುವುದು) ಕನಿಷ್ಠಕ್ಕಿಡಿ, ಬಣ್ಣದ ಚೌಕವನ್ನು ಗಂಟಿಗಿಂತ ತುಸುವೇ ದೊಡ್ಡದಾಗಿಡಿ. ಬಣ್ಣದ ಗೇನನ್ನು ಚುಕ್ಕಿಗಳು ಸಿಡಿಯುವವರೆಗೆ ಏರಿಸಿ ಅಲ್ಲಿಂದ ಒಂದು ಮೆಟ್ಟಿಲು ಇಳಿಸಿ. ಗಂಟಿನಲ್ಲಿ ಹರಿವೇ ಇಲ್ಲ ಎಂದು ಬರೆಯುವ ಮುಂಚೆ ಕೈ ಎತ್ತಿ ಇನ್ನೊಮ್ಮೆ ನೋಡಿ, ಪ್ರೋಬಿನ ತೂಕವೇ ನಾಳಗಳನ್ನು ಮುಚ್ಚಿರುತ್ತದೆ. ಎಲಾಸ್ಟೋಗ್ರಫಿಗೂ ಇದೇ ಮಾತು: ಒತ್ತಿ ಹಿಡಿದರೆ ಮೆತ್ತಗಿನ ಕೊಬ್ಬೂ ಗಟ್ಟಿ ಎಂದು ದಾಖಲಾಗುತ್ತದೆ. ಶಿಯರ್ ವೇವ್ (ಅಡ್ಡ ತರಂಗದ ವೇಗದಿಂದ ಗಡಸುತನ ಅಳೆಯುವ ಬಗೆ) ಆದರೆ ಉಸಿರು ಹಿಡಿಸಿ, ಕೈ ಕಲ್ಲಿನಂತಿರಿಸಿ, ಬಣ್ಣ ನೆಲೆಗೊಳ್ಳಲು ಕೆಲವು ಸೆಕೆಂಡ್ ಕೊಡಿ.

ಉಳಿಸುವ ಚಿತ್ರ

ಗಂಟನ್ನು ರೇಡಿಯಲ್ (ತೊಟ್ಟಿನಿಂದ ಹೊರಕ್ಕೆ) ಮತ್ತು ಆಂಟಿರೇಡಿಯಲ್ (ಅದಕ್ಕೆ ಅಡ್ಡವಾಗಿ), ಎರಡು ದಿಕ್ಕಿನಲ್ಲಿ ಉಳಿಸಿ. ಪ್ರತಿ ಚಿತ್ರವನ್ನೂ ಎರಡು ಸಲ, ಕ್ಯಾಲಿಪರ್ (ಅಳತೆಯ ಗುರುತು) ಇಲ್ಲದೆ ಮತ್ತು ಇಟ್ಟು. ಕ್ಯಾಲಿಪರಿನ ಅಡ್ಡಗುರುತು ಕೂರುವುದು ಸರಿಯಾಗಿ ಅಂಚಿನ ಮೇಲೆ, ಓದುವವರಿಗೆ ಬೇಕಾದ್ದೂ ಆ ಅಂಚೇ. ಅಳತೆ ಮೂರು: ಅತಿ ಉದ್ದದ್ದು, ಅದಕ್ಕೆ ಲಂಬವಾದದ್ದು, ಇನ್ನೊಂದು ದಿಕ್ಕಿನಿಂದ ಮೂರನೆಯದು. ಸ್ತನವನ್ನು ಗಡಿಯಾರವೆಂದುಕೊಂಡು ಲೇಬಲ್ ಹೀಗಿರಲಿ: "ಬಲ, 10 ಗಂಟೆ, ತೊಟ್ಟಿನಿಂದ 4 ಸೆಂ.ಮೀ., ರೇಡಿಯಲ್". ತೊಟ್ಟಿನಿಂದ ದೂರ ಬರೆಯದಿದ್ದರೆ ಆರು ತಿಂಗಳ ನಂತರ ನೋಡುವವರು ಬೇರೆಯೇ ಗಂಟನ್ನು ಅಳೆದು "ಬೆಳೆದಿದೆ" ಎಂದಾರು.

ದೊಡ್ಡದು ಮಾಡುವುದಿದ್ದರೆ ಫ್ರೀಜ್ ಮಾಡುವ ಮುಂಚೆ ಮಾಡಿ. ಆಗ ಯಂತ್ರ ಆ ಸಣ್ಣ ಚೌಕಕ್ಕೆ ಹೊಸದಾಗಿ, ಒತ್ತೊತ್ತಾಗಿ ಗೆರೆ ಕಳಿಸುತ್ತದೆ. ಫ್ರೀಜ್ ಆದ ಮೇಲೆ ಹಿಗ್ಗಿಸಿದರೆ ಇದ್ದ ಚುಕ್ಕಿಗಳೇ ದಪ್ಪಗಾಗುತ್ತವೆ.

ನಮ್ಮಲ್ಲಿ ಇನ್ನೂ ಥರ್ಮಲ್ ಪೇಪರಿನಲ್ಲಿ ಪ್ರಿಂಟ್ ಕೊಡುವ ಕಡೆಗಳಿವೆ. ಪರದೆಯಲ್ಲಿ ಸರಿಯಾಗಿದ್ದ ಕೊಬ್ಬಿನ ಬೂದಿ ಪ್ರಿಂಟಿನಲ್ಲಿ ಕರಿಯಾಗಿ ಬರುತ್ತಿದ್ದರೆ ಪ್ರಿಂಟರಿನ ಬ್ರೈಟ್‌ನೆಸ್ ತಿದ್ದಿ, ಯಂತ್ರದ ಗೇನ್ ಮುಟ್ಟಬೇಡಿ. ಪ್ರಿಂಟಿಗಾಗಿ ಗೇನ್ ಏರಿಸುವ ಅಭ್ಯಾಸ ಒಮ್ಮೆ ಶುರುವಾದರೆ ನೇರ ಪರದೆಯಲ್ಲಿ ನೋಡುವುದೆಲ್ಲ ಬೆಳ್ಳಗಾಗುತ್ತದೆ. ಆ ಕಾಗದ ಬಿಸಿಲಿಗೆ, ಕಾಲಕ್ಕೆ ಮಾಸುತ್ತದೆ ಕೂಡ. ಡಿಜಿಟಲ್ ಪ್ರತಿ ಇರಲೇಬೇಕು.

ಯಂತ್ರವೇ ಕೆಟ್ಟಿದೆಯೇ?

ಯಾರನ್ನು ಸ್ಕ್ಯಾನ್ ಮಾಡಿದರೂ ಚಿತ್ರದ ಒಂದೇ ಜಾಗದಲ್ಲಿ, ಮೇಲಿನಿಂದಲೇ, ಉದ್ದ ಕಪ್ಪು ಗೆರೆ ಬೀಳುತ್ತಿದೆಯೇ? ಪ್ರೋಬ್ ಒರೆಸಿ, ಜೆಲ್ ಇಲ್ಲದೆ ಗಾಳಿಯಲ್ಲಿ ಹಿಡಿದು ಪರದೆ ನೋಡಿ. ಆರೋಗ್ಯವಂತ ಪ್ರೋಬ್ ಗಾಳಿಯಲ್ಲಿ ಮೇಲ್ಭಾಗದಲ್ಲಿ ಒಂದೇ ಸಮನಾದ ಅಡ್ಡ ಪಟ್ಟೆಗಳನ್ನು ತೋರಿಸುತ್ತದೆ. ಪಟ್ಟೆ ಎಲ್ಲಿ ತುಂಡಾಗಿದೆಯೋ ಅಲ್ಲಿ ಒಂದೋ ಲೆನ್ಸ್ ಏಳತೊಡಗಿದೆ, ಇಲ್ಲವೇ ಧ್ವನಿ ಹುಟ್ಟಿಸುವ ಎಲಿಮೆಂಟು ಸತ್ತಿದೆ. ಖಚಿತಪಡಿಸಿಕೊಳ್ಳಲು ಪೇಪರ್ ಕ್ಲಿಪ್ ಒಂದನ್ನು ಬಿಡಿಸಿ, ಅದರ ದುಂಡು ಬೆನ್ನನ್ನು ಲೆನ್ಸಿನ ಮೇಲೆ ಅಡ್ಡವಾಗಿಟ್ಟು ಒಂದು ತುದಿಯಿಂದ ಇನ್ನೊಂದಕ್ಕೆ ಮೆಲ್ಲಗೆ ಸರಿಸಿ. ಕ್ಲಿಪ್ ಇರುವ ಕಡೆ ಪ್ರಕಾಶಮಾನವಾದ ಗೆರೆ ಜೊತೆಜೊತೆಗೆ ಓಡುತ್ತದೆ. ಸತ್ತ ಎಲಿಮೆಂಟಿನ ಮೇಲೆ ಬಂದಾಗ ಗೆರೆ ಮಂಕಾಗುತ್ತದೆ. ಚೂಪು ತುದಿ ತಾಗಿಸಬೇಡಿ, ಲೆನ್ಸಿನ ರಬ್ಬರ್ ಸೂಕ್ಷ್ಮ. ಕಂಪನಿ ಒಪ್ಪದ ಸ್ಪಿರಿಟ್‌ನಲ್ಲಿ ದಿನಾ ಒರೆಸಿದರೂ ಅದು ಬಿರುಕುಬಿಡುತ್ತದೆ.

ಪರದೆಯ ತುಂಬ ನಿಯಮಿತವಾಗಿ ಮಿನುಗುವ ಚುಕ್ಕಿ ಅಥವಾ ಓಡುವ ಗೆರೆ ಬಂದರೆ ಅದು ಪ್ರೋಬಿನ ಕಾಯಿಲೆಯಾಗಿರಲಿಕ್ಕಿಲ್ಲ. ಅರ್ಥಿಂಗ್ ನೋಡಿಸಿ, ಯಂತ್ರವನ್ನು ಬೇರೆ ಸರ್ಕ್ಯೂಟಿಗೆ ಹಾಕಿ, ಪಕ್ಕದ ಕೋಣೆಯ ಕಾಟರಿ (ಶಸ್ತ್ರಚಿಕಿತ್ಸೆಯಲ್ಲಿ ಸುಡುವ ಸಾಧನ), ಮೊಬೈಲ್ ಚಾರ್ಜರ್, ಕಳಪೆ ಎಲ್‌ಇಡಿ ದೀಪ ಒಂದೊಂದಾಗಿ ಬಂದ್ ಮಾಡಿ ಪರೀಕ್ಷಿಸಿ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಯಂತ್ರ ತಡವರಿಸತೊಡಗಿದರೆ ಹಿಂಬದಿಯ ಫ್ಯಾನ್ ಫಿಲ್ಟರ್ ತೆಗೆದು ನೋಡಿ, ಧೂಳು ಕಟ್ಟಿ ಕಂಬಳಿಯಾಗಿರುತ್ತದೆ. ಮಾನಿಟರಿನ ಮೇಲೆ ಕಿಟಕಿಯ ಬೆಳಕು ಬೀಳುತ್ತಿದ್ದರೆ ಕರ್ಟನ್ ಎಳೆಯಿರಿ. ಬೆಳಕಿನ ಕೋಣೆಯಲ್ಲಿ ಹೊಂದಿಸಿದ ಗೇನ್ ಯಾವಾಗಲೂ ಜಾಸ್ತಿಯೇ.

ಪ್ರೋಬ್ ಕೆಟ್ಟಿತೆಂದು ಪಕ್ಕದ ಕ್ಲಿನಿಕ್ಕಿನ ಯಂತ್ರ ತಂದಿಟ್ಟುಕೊಳ್ಳುವ ಯೋಚನೆ ಬೇಡ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಕೇಂದ್ರದ ಉಪಕರಣ ನೋಂದಣಿಗೆ ಒಳಪಟ್ಟದ್ದು, ಬದಲಾವಣೆಯನ್ನು ಮುಂಚಿತವಾಗಿ ಪ್ರಾಧಿಕಾರಕ್ಕೆ ತಿಳಿಸಬೇಕು. ಸ್ತನ ಮಾತ್ರ ನೋಡುತ್ತೇವೆ ಎಂಬ ಸಬೂಬು ನಡೆಯದು. ರಿಪೇರಿಯವರು ಬರುವವರೆಗೆ, ಸತ್ತ ಎಲಿಮೆಂಟು ಪ್ರೋಬಿನ ತುದಿಯಲ್ಲಿದ್ದರೆ ಗಂಟನ್ನು ಆ ತುದಿಯಿಂದ ದೂರ, ಚಿತ್ರದ ನಡುವಿಗೆ ಇಟ್ಟು ಕೆಲಸ ಸಾಗಿಸಬಹುದು. ನಡುವಿನಲ್ಲೇ ನಾಲ್ಕೈದು ಸತ್ತಿದ್ದರೆ ಆ ಪ್ರೋಬಿನಲ್ಲಿ ಸ್ತನ ನೋಡುವುದನ್ನು ನಿಲ್ಲಿಸಿ, ಬಂದವರಿಗೆ ಬೇರೆ ದಿನ ಕೊಡಿ.